ಮೊದಲ ಡೋಸ್ ಯಾರಿಗೆ?

ಜ್ವರ ಬಂದರೆ ಹಲಸೂರಿನ ಯಾವುದೋ ಮೆಡಿಕಲ್ ಶಾಪಿಗೆ ಹೋಗ್ತೀವಿ. ಒಂದು ಸ್ಟ್ರಿಪ್ ತಗೊಂಡು, ಎಕ್ಸ್‌ಪೈರಿ ಡೇಟ್ ನೋಡಿ, ಯುಪಿಐ ಮಾಡಿ ವಾಪಸ್ ಬರ್ತೀವಿ. ಈ ಮಾತ್ರೆ ನನಗಿಂತ ಮೊದಲು ಯಾರ ಹೊಟ್ಟೆಗೆ ಹೋಗಿತ್ತು ಅಂತ ಯಾರೂ ಕೇಳೋದಿಲ್ಲ. ಕೇಳದಿದ್ದರೂ ಉತ್ತರ ಇದ್ದೇ ಇದೆ. ಮೊದಲು ಇಲಿ, ಆಮೇಲೆ ನಾಯಿ ಅಥವಾ ಮಂಗ, ಆಮೇಲೆ ದುಡ್ಡು ಪಡೆದು ಒಪ್ಪಿದ ಒಂದಷ್ಟು ಆರೋಗ್ಯವಂತರು, ಆಮೇಲೆ ಕೆಲವು ನೂರು ರೋಗಿಗಳು, ಆಮೇಲೆ ಕೆಲವು ಸಾವಿರ, ಕೊನೆಗೆ ನಾವು. ಉದ್ದನೆಯ ಕ್ಯೂನಲ್ಲಿ ಕೊನೆಗೆ ನಿಲ್ಲೋದು ನಮಗೆ ಇಷ್ಟವಿಲ್ಲದ ವಿಷಯ. ಈ ಒಂದು ಕ್ಯೂನಲ್ಲಿ ಮಾತ್ರ ಕೊನೆಯವರಾಗಿರೋದೇ ನಮ್ಮ ಪುಣ್ಯ.

ಈಗ ಈ ಸಾಲಿನ ಮುಂದಕ್ಕೆ ಹೊಸದೊಂದು ಬಂದು ನಿಂತಿದೆ. ಅದರ ಹೆಸರು ಆರ್ಗನ್ ಚಿಪ್.

ಚಿಪ್ ಅಂದ ಕೂಡಲೇ ಇಂದಿರಾನಗರದಿಂದ ಕೆ.ಆರ್. ಪುರಂ ದಾಟಿ ಕೆಲಸಕ್ಕೆ ಹೋಗುವ ನಮ್ಮಂಥವರಿಗೆ ನೆನಪಾಗೋದು ಪ್ರೊಸೆಸರ್. ಇದು ಅದಲ್ಲ, ಆದರೆ ಅದರ ದಾಯಾದಿ. ಚಿಪ್ ತಯಾರಿಸುವ ಲಿಥೋಗ್ರಫಿ ವಿಧಾನದಿಂದಲೇ ಅಚ್ಚು ಮಾಡಿ, ಅದರ ಮೇಲೆ ಪಾರದರ್ಶಕ ಸಿಲಿಕೋನ್ ರಬ್ಬರ್ ಸುರಿದು ಗಟ್ಟಿ ಮಾಡ್ತಾರೆ. ಪೆನ್ ಡ್ರೈವ್ ಗಾತ್ರದ ಆ ರಬ್ಬರ್ ತುಂಡಿನಲ್ಲಿ ಕೂದಲೆಳೆಯಷ್ಟು ಸಣ್ಣ ಕಾಲುವೆಗಳು ಮೂಡ್ತವೆ. ಆ ಕಾಲುವೆಗಳಲ್ಲಿ ಮನುಷ್ಯನ ಜೀವಕೋಶಗಳನ್ನು ಬೆಳೆಸ್ತಾರೆ. 2010ರಲ್ಲಿ ಹಾರ್ವರ್ಡ್‌ನ ವೀಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಡಾನ್ ಹ್ಯೂ ಮತ್ತು ಡೊನಾಲ್ಡ್ ಇಂಗ್‌ಬರ್ ತಂಡ ಮಾಡಿದ ಶ್ವಾಸಕೋಶದ ಚಿಪ್ ಈ ಕ್ಷೇತ್ರಕ್ಕೆ ಹೆಸರು ತಂದದ್ದು. ಮಧ್ಯದಲ್ಲಿ ತೂತುತೂತಿನ ತೆಳು ಪೊರೆ. ಮೇಲ್ಭಾಗದಲ್ಲಿ ಶ್ವಾಸಕೋಶದ ಜೀವಕೋಶ, ಅದರ ಮೇಲೆ ಗಾಳಿ. ಕೆಳಭಾಗದಲ್ಲಿ ರಕ್ತನಾಳದ ಜೀವಕೋಶ, ಅದರ ಕೆಳಗೆ ರಕ್ತದ ಹಾಗೆ ಹರಿಯುವ ದ್ರವ. ಅಕ್ಕಪಕ್ಕದ ಕೋಣೆಗಳಲ್ಲಿ ಗಾಳಿ ಎಳೆದು ಬಿಟ್ಟರೆ ಪೊರೆ ಹಿಗ್ಗುತ್ತೆ, ಕುಗ್ಗುತ್ತೆ. ಅಂದರೆ ಆ ರಬ್ಬರ್ ತುಂಡು ಉಸಿರಾಡುತ್ತೆ. ಮೇಲಿಂದ ಬ್ಯಾಕ್ಟೀರಿಯಾ ಬಿಟ್ಟರೆ, ಕೆಳಗಿನ ಕಾಲುವೆಯಲ್ಲಿ ಹರಿಯುತ್ತಿದ್ದ ಬಿಳಿ ರಕ್ತಕಣ ಪೊರೆ ದಾಟಿ ಮೇಲೆ ಬಂದು ಅದನ್ನು ನುಂಗುವುದನ್ನು ಮೈಕ್ರೋಸ್ಕೋಪಿನಲ್ಲಿ ನೋಡಬಹುದು.

ಬೆಂಗಳೂರಿಗೂ ಇದಕ್ಕೂ ನಂಟಿದೆ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಓದಿದವರು ಕಟ್ಟಿದ ಪ್ಯಾಂಡೋರಂ ಟೆಕ್ನಾಲಜೀಸ್ 2015ರ ಡಿಸೆಂಬರ್‌ನಲ್ಲಿ ಮನುಷ್ಯನ ಯಕೃತ್ತಿನ ಅಂಗಾಂಶವನ್ನು ತ್ರೀಡಿ ಪ್ರಿಂಟ್ ಮಾಡಿದ್ದಾಗಿ ಪ್ರಕಟಿಸಿತು. ಅದು ಕಸಿ ಮಾಡುವ ಯಕೃತ್ತಲ್ಲ. ಔಷಧ ಪರೀಕ್ಷೆಗೆ ಬಳಸಬಹುದಾದ, ಯಕೃತ್ತಿನ ಕೆಲವು ಕೆಲಸಗಳನ್ನು ಮಾಡುವ ಸಣ್ಣ ತುಣುಕು. ಕಾನೂನೂ ಬದಲಾಗ್ತಿದೆ. ಅಮೆರಿಕದಲ್ಲಿ 2022ರ ಡಿಸೆಂಬರ್‌ನಲ್ಲಿ, ಹೊಸ ಔಷಧವನ್ನು ಪ್ರಾಣಿಗಳ ಮೇಲೆ ಪ್ರಯೋಗಿಸಲೇಬೇಕು ಎಂಬ ಕಡ್ಡಾಯ ಹೋಯಿತು. ಮೂರೇ ತಿಂಗಳಲ್ಲಿ, 2023ರ ಮಾರ್ಚ್‌ನಲ್ಲಿ, ಭಾರತವೂ ಔಷಧ ಪ್ರಯೋಗದ ನಿಯಮ ತಿದ್ದಿ ಆರ್ಗನ್ ಚಿಪ್‌ನಂಥ ವಿಧಾನಗಳಿಗೆ ಜಾಗ ಕೊಟ್ಟಿತು. ಪ್ರಾಣಿ ಪ್ರಯೋಗ ನಿಂತುಹೋಯಿತು ಅಂತಲ್ಲ. ಬೇರೆ ದಾರಿಯ ಫಲಿತಾಂಶ ತಂದರೂ ನೋಡ್ತೀವಿ ಅಂತ ಬಾಗಿಲು ತೆಗೆದಿದ್ದಾರೆ, ಅಷ್ಟೇ.

ಇದನ್ನು ಲಂಚ್ ಟೇಬಲ್ಲಿನಲ್ಲಿ ಹೇಳಿದಾಗ ಸಹೋದ್ಯೋಗಿಯೊಬ್ಬರು, "ಸೂಪರ್. ಹಾಗಾದ್ರೆ ಪ್ರಾಬ್ಲಂ ಸಾಲ್ವ್ ಆಯ್ತಲ್ಲ" ಅಂದರು. ಇನ್ನೊಬ್ಬರು, "ಪ್ರಾಬ್ಲಂ ಎಲ್ಲಿತ್ತು? ಮನುಷ್ಯ ಬದುಕಬೇಕು ಅಂದ್ರೆ ಇಲಿ ಸಾಯಬೇಕು, ಸಿಂಪಲ್" ಅಂದರು. ಇಬ್ಬರ ಮಾತೂ ನನಗೆ ಒಪ್ಪಿಗೆಯಾಗಲಿಲ್ಲ. ಯಾಕೆ ಅಂತ ಬಿಡಿಸಿ ನೋಡೋದಕ್ಕೇ ಇದನ್ನು ಬರೀತಿದ್ದೀನಿ.

ಪ್ರಶ್ನೆ ಇಲಿಯದ್ದಷ್ಟೇ ಅಲ್ಲ. ಒಂದು ವಸ್ತು ಒಳ್ಳೆಯದೋ ಕೆಟ್ಟದ್ದೋ ಯಾರಿಗೂ ಗೊತ್ತಿಲ್ಲ. ಗೊತ್ತಾಗಬೇಕಾದರೆ ಯಾರಾದರೂ ಮೊದಲು ತಗೊಳ್ಳಲೇಬೇಕು. ಆ ಮೊದಲನೆಯವರು ಯಾರಾಗಬೇಕು, ಅದನ್ನು ಯಾರು ತೀರ್ಮಾನಿಸಬೇಕು? ಇದು ಔಷಧಕ್ಕಿಂತ ಹಳೆಯ ಪ್ರಶ್ನೆ. ನಮ್ಮ ಕೆಲಸದಲ್ಲೂ ದಿನಾ ಬರುತ್ತೆ. ಹೊಸ ಕೋಡನ್ನು ಎಲ್ಲರಿಗೂ ಒಟ್ಟಿಗೆ ಬಿಡದೆ, ನೂರರಲ್ಲಿ ಒಬ್ಬ ಬಳಕೆದಾರನಿಗೆ ಮೊದಲು ಬಿಟ್ಟು ನೋಡೋದಕ್ಕೆ 'ಕ್ಯಾನರಿ ರಿಲೀಸ್' ಅಂತೀವಿ. ಆ ಹೆಸರು ಬಂದದ್ದು ಗಣಿಯಿಂದ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ವಿಷಾನಿಲ ಪತ್ತೆಗೆ ಪಂಜರದಲ್ಲಿ ಕ್ಯಾನರಿ ಹಕ್ಕಿ ಒಯ್ತಿದ್ದರು. ಹಕ್ಕಿ ಕೆಳಗೆ ಬಿದ್ದರೆ ಮನುಷ್ಯರು ಓಡಬೇಕು. 1986ರಲ್ಲಿ ಹಕ್ಕಿಗಳ ಬದಲು ಎಲೆಕ್ಟ್ರಾನಿಕ್ ಯಂತ್ರ ತರುವ ತೀರ್ಮಾನವಾಯಿತು. ಆರ್ಗನ್ ಚಿಪ್ ಮಾಡಲು ಹೊರಟಿರೋದೂ ಅದನ್ನೇ. ಹಕ್ಕಿಯ ಜಾಗದಲ್ಲಿ ಯಂತ್ರ ಬಂದರೆ ಬೇಡ ಅನ್ನೋರು ಯಾರು? ನಾನಂತೂ ಅಲ್ಲ.

ಆದರೆ ಗಮನಿಸಿ, ಹಕ್ಕಿಯನ್ನು ಆರಿಸಿದ್ದು ಅದು ಸಣ್ಣದು, ಬೇಗ ಸೂಚನೆ ಕೊಡುತ್ತೆ ಅಂತ. ಅದರ ಜೊತೆಗೆ ಇನ್ನೊಂದು ಕಾರಣವೂ ಇತ್ತು. ಹಕ್ಕಿ 'ನಾನು ಬರಲ್ಲ' ಅನ್ನಲ್ಲ. ಮೊದಲ ಡೋಸಿನ ಚರಿತ್ರೆ ಪೂರ್ತಿ, ಬೇಡ ಅನ್ನಲಾಗದವರನ್ನು ಹುಡುಕಿದ ಚರಿತ್ರೆ.

ನಮ್ಮ ಕಂಟೋನ್ಮೆಂಟಿಗೆ ಸಂಬಂಧವಿರುವ ಒಬ್ಬರ ಕತೆ ಹೇಳ್ತೀನಿ. ಮಲೇರಿಯಾ ಹರಡೋದು ಸೊಳ್ಳೆಯಿಂದ ಅಂತ ತೋರಿಸಿ 1902ರಲ್ಲಿ ನೊಬೆಲ್ ಪಡೆದ ರೊನಾಲ್ಡ್ ರಾಸ್, 1883ರ ಹೊತ್ತಿಗೆ ಬೆಂಗಳೂರಿನಲ್ಲಿ ಸೇನಾ ಡಾಕ್ಟರಾಗಿದ್ದರು. ಕಿಟಕಿ ಪಕ್ಕದ ನೀರಿನ ಪೀಪಾಯಿಯಲ್ಲಿ ಸೊಳ್ಳೆ ಮರಿಯಾಗೋದನ್ನು ನೋಡಿ, ಪೀಪಾಯಿ ಬರಿದು ಮಾಡಿದರೆ ಸೊಳ್ಳೆ ಕಡಿಮೆಯಾಗುತ್ತೆ ಅಂತ ಕಂಡುಕೊಂಡದ್ದು ಇಲ್ಲೇ. 1895ರಲ್ಲಿ ಕಾಲರಾ ಹತೋಟಿಗೆ ಅವರನ್ನು ಮತ್ತೆ ಬೆಂಗಳೂರಿಗೆ ಕಳಿಸಿದರು. ಅದೇ ವರ್ಷ, ಅದಕ್ಕೆ ಮೊದಲು ಸಿಕಂದರಾಬಾದಿನಲ್ಲಿದ್ದಾಗ, ಅವರು ಒಂದು ಪ್ರಯೋಗ ಮಾಡಿದ್ದರು. ಸೊಳ್ಳೆ ಸತ್ತು ಬಿದ್ದ ನೀರು ಕುಡಿದರೆ ಮಲೇರಿಯಾ ಬರುತ್ತೆ ಅನ್ನೋದು ಆಗಿನ ಊಹೆ. ಮಲೇರಿಯಾ ರೋಗಿಯನ್ನು ಕಚ್ಚಿದ ಸೊಳ್ಳೆಗಳು ಸತ್ತಿದ್ದ ನೀರನ್ನು ರಾಸ್ ಆರೋಗ್ಯವಂತ ಯುವಕನೊಬ್ಬನಿಗೆ ಕುಡಿಸಿದರು. ಅವನ ಹೆಸರು ಲಚ್‌ಮನ್. ಕೆಲವು ದಿನಗಳಲ್ಲಿ ಅವನಿಗೆ ಜ್ವರ ಬಂತು, ಹೋಯಿತು. ಊಹೆ ತಪ್ಪು ಅಂತ ಆಮೇಲೆ ಗೊತ್ತಾಯಿತು. 1897ರಲ್ಲಿ ರಾಸ್‌ಗೆ ಸರಿ ಉತ್ತರ ಸಿಕ್ಕಿದ್ದು ಹುಸೇನ್ ಖಾನ್ ಎಂಬ ರೋಗಿಯ ರಕ್ತ ಕುಡಿದ ಸೊಳ್ಳೆಯಲ್ಲಿ. ಕಚ್ಚಿಸಿಕೊಂಡ ಒಂದೊಂದು ಸೊಳ್ಳೆಗೂ ಅವನಿಗೆ ಒಂದಾಣೆ ಕೂಲಿ.

ಲಚ್‌ಮನ್ ಒಪ್ಪಿಯೇ ಕುಡಿದಿರಬಹುದು. ಆದರೆ 1895ರಲ್ಲಿ, ಬ್ರಿಟಿಷ್ ಸೇನಾ ಡಾಕ್ಟರ್ ಲೋಟ ಹಿಡಿದು ನಿಂತಾಗ, 'ಬೇಡ ದೊರೆ' ಅನ್ನೋಕೆ ಎಷ್ಟು ಜನರಿಗೆ ಸಾಧ್ಯವಿತ್ತು?

ಅದೇ ಕಾಲದ ಇನ್ನೊಂದು ಉದಾಹರಣೆಯನ್ನೂ ಪಕ್ಕದಲ್ಲಿಡಬೇಕು. ಬೆಂಗಳೂರಿಗೆ ಪ್ಲೇಗ್ ಬಂದದ್ದು 1898ರಲ್ಲಿ. ಅದರ ಹಿಂದಿನ ವರ್ಷ ಮುಂಬೈಯಲ್ಲಿ ವಾಲ್ಡೆಮಾರ್ ಹಾಫ್‌ಕಿನ್ ಪ್ಲೇಗ್ ಲಸಿಕೆ ಸಿದ್ಧಪಡಿಸಿದ್ದರು. 1897ರ ಜನವರಿ 10ರಂದು ಮೊದಲ ಡೋಸ್ ಚುಚ್ಚಿಸಿಕೊಂಡದ್ದು ಅವರೇ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಡಾಗ್‌ಫುಡಿಂಗ್. ತಾನು ಮಾಡಿದ್ದನ್ನು ಮೊದಲು ತಾನೇ ತಿಂದು ನೋಡೋದು. ಊರಿನಲ್ಲಿ ದೊಡ್ಡ ಅಡುಗೆಯಾದರೆ ಭಟ್ಟರು ಅಂಗೈಗೆ ಸಾರು ಬಿಟ್ಟುಕೊಂಡು ನೆಕ್ಕಿ ನೋಡ್ತಾರಲ್ಲ, ಹಾಗೆ. ಆದರೆ ಹಾಫ್‌ಕಿನ್ ನಂತರದ ಸರದಿ ಯಾರದ್ದು ಗೊತ್ತಾ? ಬೈಕುಲಾ ಜೈಲಿನ ಕೈದಿಗಳದ್ದು. ಅವರೂ 'ಸ್ವಯಂಸೇವಕರೇ'. ಜೈಲಿನೊಳಗಿನ ಸ್ವಯಂ ಎಷ್ಟು ದೊಡ್ಡದು ಅನ್ನೋದನ್ನು ನೀವೇ ಅಂದಾಜು ಮಾಡಿ.

ಇಲ್ಲಿ ಚಿಪ್‌ನ ನಿಜವಾದ ಗುಣ ಕಾಣುತ್ತೆ. ಅದು ಇಲಿಗಿಂತ ಸ್ಮಾರ್ಟ್ ಅನ್ನೋದು ಎರಡನೇ ಮಾತು. ಆ ರಬ್ಬರ್ ತುಂಡಿನಲ್ಲಿ 'ಬೇಡ' ಅನ್ನಬೇಕಾದವರು ಯಾರೂ ಇಲ್ಲ. ಅಲ್ಲಿ ಜೀವ ಇದೆ, ನೋವುಣ್ಣುವವರಿಲ್ಲ. ನೈತಿಕವಾಗಿ ಇದು ಸಣ್ಣ ವಿಷಯವಲ್ಲ.

ಹಾಗಂತ ಲೆಕ್ಕ ಪೂರ್ತಿ ಚುಕ್ತಾ ಆಯಿತಾ? ಇಲ್ಲ ಅಂತ ನನ್ನ ವಾದ.

ಮೊದಲನೆಯದು, ಪ್ರಾಣಿ ಆ ಲೆಕ್ಕದಿಂದ ಅಷ್ಟು ಸುಲಭವಾಗಿ ಹೊರಗೆ ಹೋಗಲ್ಲ. ನನ್ನ ವಯಸ್ಸಿನ ಹಳ್ಳಿಯವರಿಗೆ ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅನ್ನೋ ಭಯ ನೆನಪಿರುತ್ತೆ. ಆ ಲಸಿಕೆ ಏನು ಗೊತ್ತಾ? ಕುರಿಗೆ ರೇಬೀಸ್ ಸೋಂಕು ಹತ್ತಿಸಿ, ಅದರ ಮಿದುಳನ್ನು ಅರೆದು, ಫಿನಾಲ್ ಹಾಕಿ ವೈರಸ್ ಸಾಯಿಸಿ ಮಾಡ್ತಿದ್ದದ್ದು. ಡೇವಿಡ್ ಸೆಂಪಲ್ 1911ರಲ್ಲಿ ಕಸೌಲಿಯಲ್ಲಿ ರೂಪಿಸಿದ ವಿಧಾನ. ನಮ್ಮ ಪಕ್ಕದ ಕೂನೂರಿನಲ್ಲೂ ತಯಾರಾಗ್ತಿತ್ತು. ಅದರಲ್ಲಿದ್ದ ಮಿದುಳಿನ ಅಂಶದಿಂದ ಕೆಲವರಿಗೆ ಲಕ್ವ ಹೊಡೆದದ್ದೂ ಉಂಟು. ಭಾರತ ಅದನ್ನು ಪೂರ್ತಿ ಕೈಬಿಟ್ಟದ್ದು 2004-05ರಲ್ಲಿ. ಈಗ ತೋಳಿಗೆ ಕೊಡುವ ನಾಲ್ಕೈದು ಇಂಜೆಕ್ಷನ್‌ಗಳ ಲಸಿಕೆಯಲ್ಲಿ ಬಹಳಷ್ಟನ್ನು ಬೆಳೆಸೋದು ವೀರೋ ಎಂಬ ಜೀವಕೋಶಗಳಲ್ಲಿ. 1962ರಲ್ಲಿ ಜಪಾನಿನಲ್ಲಿ ಒಂದು ಆಫ್ರಿಕನ್ ಹಸಿರು ಮಂಗದ ಮೂತ್ರಪಿಂಡದಿಂದ ತೆಗೆದ ಜೀವಕೋಶಗಳ ಸಂತತಿ ಅದು, ಇವತ್ತಿಗೂ ಬೆಳೀತಿದೆ. ಎಷ್ಟೋ ಕುರಿಗಳ ಬದಲು ಒಂದು ಮಂಗ. ಲೆಕ್ಕ ಕಡಿಮೆಯಾಯಿತು, ಸೊನ್ನೆಯಾಗಲಿಲ್ಲ. ಆರ್ಗನ್ ಚಿಪ್‌ನದ್ದೂ ಅದೇ ಕತೆ. ಜೀವಕೋಶ ಬೆಳೆಸುವ ದ್ರವಕ್ಕೆ ಹಲವು ಲ್ಯಾಬುಗಳಲ್ಲಿ ಈಗಲೂ ಹಾಕೋದು ಹುಟ್ಟದ ಕರುವಿನ ರಕ್ತದ ಸೀರಂ. ಕಸಾಯಿಖಾನೆಯಲ್ಲಿ ಗಬ್ಬದ ಹಸು ಸಿಕ್ಕಾಗ ಹೊಟ್ಟೆಯೊಳಗಿನ ಕರುವಿನಿಂದ ತೆಗೆಯೋದು. ಅದಿಲ್ಲದ ದ್ರವಗಳೂ ಬಂದಿವೆ, ಇನ್ನೂ ಎಲ್ಲೆಡೆ ಬಳಕೆಗೆ ಬಂದಿಲ್ಲ. 'ಪ್ರಾಣಿರಹಿತ' ಅನ್ನೋ ಲೇಬಲ್ ಓದುವಾಗ ಇದು ನೆನಪಿದ್ದರೆ ಒಳ್ಳೆಯದು.

ಹಳ್ಳಿಯಲ್ಲಿ ಮಾರಿಹಬ್ಬಕ್ಕೆ ಮರಿ ಕಡಿಯೋದನ್ನು ನೋಡಿ ಬೆಳೆದವನು ನಾನು. ಅದು ಸರಿ ಅಂತ ಹೇಳ್ತಿಲ್ಲ. ಆದರೆ ಅಲ್ಲಿ ಯಾರ ಜೀವ ಹೋಯಿತು ಅಂತ ಊರಿಗೆಲ್ಲ ಗೊತ್ತಿರುತ್ತೆ. ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲೂ ಅದು ಕಣ್ಣೆದುರೇ ಇದೆ. ಮೆಡಿಕಲ್ ಶಾಪಿನ ಅಲ್ಯೂಮಿನಿಯಂ ಸ್ಟ್ರಿಪ್ಪಿನಲ್ಲಿ ಮಾತ್ರ ಏನೂ ಕಾಣಲ್ಲ. ಚಿಪ್ ಇನ್ನಷ್ಟು ಚೊಕ್ಕಟ. ಚೊಕ್ಕಟವಾದಷ್ಟೂ ಋಣ ಮರೆಯೋದು ಸುಲಭ.

ಎರಡನೆಯದು, ಚಿಪ್ ಬಂದರೂ ಮೊದಲ ಮನುಷ್ಯ ಇದ್ದೇ ಇರ್ತಾನೆ. 2006ರ ಮಾರ್ಚ್‌ನಲ್ಲಿ ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯಲ್ಲಿ ಟಿಜಿಎನ್1412 ಎಂಬ ಔಷಧವನ್ನು ಆರು ಮಂದಿ ಆರೋಗ್ಯವಂತ ಯುವಕರಿಗೆ ಕೊಟ್ಟರು. ಮಂಗಗಳಿಗೆ ತೊಂದರೆ ಮಾಡದ ಪ್ರಮಾಣದ 500ರಲ್ಲಿ ಒಂದು ಭಾಗ, ಅಷ್ಟೇ. ಗಂಟೆಗಳೊಳಗೆ ಆರೂ ಜನರ ಅಂಗಾಂಗ ಕೈಕೊಡತೊಡಗಿ ಐಸಿಯು ಸೇರಿದರು. ಜೀವ ಉಳಿಯಿತು, ಕೆಲವರ ಆರೋಗ್ಯ ಮೊದಲಿನಂತಾಗಲಿಲ್ಲ. ಆ ಔಷಧ ಹಿಡಿಯಬೇಕಾದ ಗುರುತು ಮಂಗದ ಕೆಲವು ರಕ್ಷಣಾ ಜೀವಕೋಶಗಳ ಮೇಲೆ ಇರಲೇ ಇಲ್ಲ ಅಂತ ಆಮೇಲೆ ತಿಳಿಯಿತು. ಟೆಸ್ಟ್ ಎನ್ವಿರಾನ್‌ಮೆಂಟೇ ಬೇರೆ ಇತ್ತು ಅನ್ನಿ.

ಚಿಪ್‌ನಲ್ಲಿರೋದು ಮನುಷ್ಯನದ್ದೇ ಜೀವಕೋಶ, ಆದ್ದರಿಂದ ಇಂಥದ್ದು ಕಡಿಮೆಯಾಗಬಹುದು. 2022ರಲ್ಲಿ ಎಮ್ಯುಲೇಟ್ ಕಂಪನಿ 870 ಯಕೃತ್ ಚಿಪ್‌ಗಳ ಮೇಲೆ 27 ಔಷಧಗಳನ್ನು ಪರೀಕ್ಷಿಸಿ ಫಲಿತಾಂಶ ಪ್ರಕಟಿಸಿತು. ಯಕೃತ್ತಿಗೆ ಹಾನಿ ಮಾಡುತ್ತವೆ ಅಂತ ಮೊದಲೇ ಗೊತ್ತಿದ್ದ ಔಷಧಗಳಲ್ಲಿ ಶೇ 87ರಷ್ಟನ್ನು ಚಿಪ್ ಹಿಡಿಯಿತು. ನಿರಪಾಯಕಾರಿ ಅಂತ ಗೊತ್ತಿದ್ದ ಒಂದನ್ನೂ ತಪ್ಪಾಗಿ ದೂರಲಿಲ್ಲ. ಚಿಪ್ ಮಾರುವ ಕಂಪನಿಯದ್ದೇ ಅಧ್ಯಯನ ಅನ್ನೋದು ನೆನಪಿರಲಿ, ಆದರೂ ಫಲಿತಾಂಶ ದೊಡ್ಡದೇ. ಆದರೆ ಉಳಿದ ಶೇ 13? ಯೂನಿಟ್ ಟೆಸ್ಟ್ ಎಲ್ಲ ಹಸಿರು ಬಂದು, ಪ್ರೊಡಕ್ಷನ್‌ನಲ್ಲಿ ಕುಸಿದ ರಿಲೀಸ್‌ಗಳನ್ನು ನೋಡದ ಇಂಜಿನಿಯರ್ ಯಾರಿದ್ದಾರೆ? ಯಕೃತ್ತಿನ ಚಿಪ್‌ಗೆ ಹಾರ್ಮೋನ್ ಏರುಪೇರು ಗೊತ್ತಿಲ್ಲ, ಬಸಿರು ಗೊತ್ತಿಲ್ಲ, ಮೂವತ್ತು ವರ್ಷ ಕುಡಿದ ಅಭ್ಯಾಸ ಗೊತ್ತಿಲ್ಲ. ಹೀಗಾಗಿ ಕೊನೆಗೂ ಒಬ್ಬ ಮನುಷ್ಯನ ತೋಳಿಗೆ ಸೂಜಿ ಹೋಗಲೇಬೇಕು. ಚಿಪ್ ಅವನ ಅಪಾಯ ತಗ್ಗಿಸುತ್ತೆ. ಆ ಮನುಷ್ಯ ಕೆಲಸ ಕಳೆದುಕೊಂಡ, ಬಾಡಿಗೆ ಕಟ್ಟಲಾಗದ ಹುಡುಗನೇ ಯಾಕಾಗಬೇಕು ಅನ್ನೋ ಪ್ರಶ್ನೆಗೆ ಚಿಪ್ ಉತ್ತರ ಕೊಡಲ್ಲ.

ಮೂರನೆಯದು ನನ್ನನ್ನು ಹೆಚ್ಚು ಕಾಡೋದು. ಚಿಪ್‌ನೊಳಗಿನ ಜೀವಕೋಶ ಯಾರದ್ದು? ಎಲ್ಲಿಂದಲೋ ಬಂದಿರಬೇಕಲ್ಲ. 1951ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಕ್ಯಾನ್ಸರ್ ಗಡ್ಡೆಯಿಂದ ಕೇಳದೇ ತೆಗೆದ ಜೀವಕೋಶ ಇಂದಿಗೂ ಜಗತ್ತಿನ ಲ್ಯಾಬುಗಳಲ್ಲಿ ಬೆಳೀತಿದೆ. ಅವುಗಳಿಂದ ಕಂಪನಿಗಳು ದುಡ್ಡು ಮಾಡಿದವು. ಅಂಥ ಒಂದು ಕಂಪನಿ ಆಕೆಯ ಕುಟುಂಬದ ಜೊತೆ ರಾಜಿ ಮಾಡಿಕೊಂಡದ್ದು 2023ರಲ್ಲಿ. ಎಪ್ಪತ್ತೆರಡು ವರ್ಷ ಬೇಕಾಯಿತು.

ಅದು ಅಮೆರಿಕದ ಹಳೇ ಕತೆ ಅನ್ನಬೇಡಿ. ಎರಡು ವರ್ಷದ ಹಿಂದೆ ಊರಿಂದ ದೊಡ್ಡಪ್ಪನನ್ನು ಕರೆತಂದು ನಮ್ಮ ಈ ಕಡೆಯ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಮಾಡಿಸಿದೆವು. ಹಿಂದಿನ ರಾತ್ರಿ ಫಾರಂ ಬಂತು. ಆರು ಪುಟ, ಪೂರ್ತಿ ಇಂಗ್ಲಿಷ್. "ಇಲ್ಲಿ, ಇಲ್ಲಿ, ಇಲ್ಲಿ ಸೈನ್ ಮಾಡ್ಸಿ" ಅಂತ ಪೆನ್ಸಿಲ್ ಗುರುತು. ನಾಲ್ಕನೇ ಪುಟದಲ್ಲಿ, ತೆಗೆದ ಅಂಗಾಂಶವನ್ನು ಬೋಧನೆಗೂ ಸಂಶೋಧನೆಗೂ ಬಳಸಬಹುದು ಅನ್ನೋ ಒಂದು ಸಾಲು. ಅದನ್ನು ಕನ್ನಡದಲ್ಲಿ ಹೇಳಿದೆ. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರ್ಗಾದ್ರೂ ಉಪಯೋಗ ಆಗೋದಾದ್ರೆ ತಗಳ್ಳಿ. ಆದ್ರೆ ಒಂದ್ ಮಾತು ಕೇಳ್‌ಬೇಕಲ್ವೇನೋ? ಬದುವಿನ ಮೇಲಿನ ಹುಲ್ಲು ಕುಯ್ಯೋಕೂ ಹೊಲದವ್ನ ಕೇಳ್ತೀವಿ" ಅಂದರು. ಮನುಷ್ಯರ ಮೇಲಿನ ಸಂಶೋಧನೆಗೆ ಐಸಿಎಂಆರ್ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಹೇಳೋದು ಇದನ್ನೇ. ಒಪ್ಪಿಗೆ ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಪೆನ್ಸಿಲ್ ಗುರುತಿನ ಜಾಗದಲ್ಲಿ ಹಾಕಿದ ಸಹಿ ಒಪ್ಪಿಗೆಯಲ್ಲ.

'ಹಾಗಾದ್ರೆ ಕೊಡೋದೇ ಬೇಡ' ಅನ್ನೋದೂ ಉತ್ತರವಲ್ಲ. ಯಾಕೆ ಅಂದರೆ, ಯಾರ ಜೀವಕೋಶ ಚಿಪ್‌ನಲ್ಲಿ ಇದೆಯೋ ಆ ಪರೀಕ್ಷೆ ಮೊದಲು ಅಂಥವರಿಗಾಗಿಯೇ ಆಗುತ್ತೆ. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ನೋಡಿ. ಅದನ್ನು ಕರಗಿಸುವ ವೇಗ ವಂಶವಾಹಿಯ ಪ್ರಕಾರ ಬದಲಾಗುತ್ತೆ. ನಿಧಾನವಾಗಿ ಕರಗಿಸುವವರಿಗೆ ಯಕೃತ್ತಿನ ತೊಂದರೆಯ ಸಾಧ್ಯತೆ ಹೆಚ್ಚು. ಅಂಥವರ ಪ್ರಮಾಣ ಜಪಾನಿಗರಲ್ಲಿ ಕಡಿಮೆ, ಭಾರತೀಯರಲ್ಲಿ ಜಾಸ್ತಿ. ಬೇರೆ ಖಂಡದ ದಾನಿಗಳ ಯಕೃತ್ತಿನಿಂದಲೇ ಎಲ್ಲ ಚಿಪ್ ಮಾಡಿದರೆ, ಆ ಚಿಪ್ ಪಾಸ್ ಮಾಡಿದ ಔಷಧಕ್ಕೆ ಇಲ್ಲಿಯ ಮೊದಲ ಪರೀಕ್ಷೆ ನಮ್ಮ ದೊಡ್ಡಪ್ಪನ ಮೈಯೇ ಆಗುತ್ತೆ. ಕೇಳದೇ ತಗೊಂಡರೂ ಅನ್ಯಾಯ, ಲೆಕ್ಕಕ್ಕೇ ತಗೊಳ್ಳದಿದ್ದರೂ ಅನ್ಯಾಯ. ಎರಡಕ್ಕೂ ಮದ್ದು ಒಂದೇ. ಸರಿಯಾಗಿ ಕೇಳೋದು.

ಇಷ್ಟೆಲ್ಲ ಹೇಳಿದ ಮೇಲೆ ಆ ಎರಡನೇ ಸಹೋದ್ಯೋಗಿಗೂ ಉತ್ತರ ಕೊಡಬೇಕು. 'ಮನುಷ್ಯ ಬದುಕಬೇಕು ಅಂದ್ರೆ ಇಲಿ ಸಾಯಬೇಕು' ಅನ್ನೋದರಲ್ಲಿ ಒಂದಷ್ಟು ಸತ್ಯವಿದೆ. ಕುರಿ ಮಿದುಳಿನ ಲಸಿಕೆ ಎಷ್ಟೋ ಹಳ್ಳಿ ಮಕ್ಕಳನ್ನು ಉಳಿಸಿತು, ಆಗ ಬೇರೆ ದಾರಿಯಿರಲಿಲ್ಲ. ಆದರೆ ಬೇರೆ ದಾರಿ ಇಲ್ಲದಾಗ ಮಾಡಿದ್ದನ್ನು, ದಾರಿ ಇದ್ದಾಗಲೂ ಮಾಡಿದರೆ ಅದಕ್ಕೆ ಅನಿವಾರ್ಯ ಅನ್ನೋ ಹೆಸರು ಸಲ್ಲಲ್ಲ, ಅಭ್ಯಾಸ ಅನ್ನಬೇಕು. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬಿಬ್ಬರು ಪ್ರಾಣಿ ಪ್ರಯೋಗಕ್ಕೆ ಮೂರು ಸೂತ್ರ ಕೊಟ್ಟರು. ಸಾಧ್ಯವಾದರೆ ಬದಲಿ ಹುಡುಕು, ಇಲ್ಲವೇ ಸಂಖ್ಯೆ ಇಳಿಸು, ಅದೂ ಆಗದಿದ್ದರೆ ನೋವು ಕಡಿಮೆ ಮಾಡು. ಪ್ರಾಣಿ ಪ್ರಯೋಗದ ಮೇಲೆ ಕಣ್ಣಿಡುವ ಭಾರತದ ಸಮಿತಿ ಇದಕ್ಕೆ ನಾಲ್ಕನೆಯದನ್ನು ಸೇರಿಸಿತು, ಪುನರ್ವಸತಿ. ಅಂದರೆ ಪ್ರಯೋಗ ಮುಗಿದ ಮೇಲೆ ಆ ಪ್ರಾಣಿಯ ಉಳಿದ ಬದುಕಿನ ಹೊಣೆಯೂ ನಿನ್ನದೇ. ಬೆಂಗಳೂರಿನ ಕ್ಯೂಪಾ ಸಂಸ್ಥೆ ಲ್ಯಾಬ್‌ಗಳಿಂದ ಬಿಡುಗಡೆಯಾದ ಬೀಗಲ್ ನಾಯಿಗಳಿಗೆ ಮನೆ ಹುಡುಕಿ ಕೊಟ್ಟದ್ದು ಇದೇ ಸೂತ್ರದಿಂದ ಸಾಧ್ಯವಾದದ್ದು. ಹುಲ್ಲಿನ ಮೇಲೆ ಕಾಲಿಟ್ಟೇ ಗೊತ್ತಿಲ್ಲದ ನಾಯಿಗಳು ಅವು.

ನನಗೆ ಈ ನಾಲ್ಕನೇ ಸೂತ್ರವೇ ಎಲ್ಲಕ್ಕಿಂತ ಮುಖ್ಯ ಅನಿಸುತ್ತೆ. ಮೊದಲ ಮೂರು, ಮುಂದೆ ಆಗುವ ಹಾನಿ ಕಡಿಮೆ ಮಾಡೋದರ ಬಗ್ಗೆ. ನಾಲ್ಕನೆಯದು, ಈಗಾಗಲೇ ಪಡೆದದ್ದನ್ನು ಮರೆಯದಿರೋದರ ಬಗ್ಗೆ. ಅದು ನಾಯಿಗೆ ಮಾತ್ರ ಯಾಕೆ? ಮೊದಲ ಡೋಸ್ ತಗೊಂಡ ಮನುಷ್ಯನಿಗೆ ಪ್ರಯೋಗ ಮುಗಿದ ಮೇಲೆ ಏನಾಯಿತು, ಜೀವಕೋಶ ಕೊಟ್ಟವರಿಗೆ ಅದರಿಂದ ಹುಟ್ಟಿದ ಔಷಧ ಕೈಗೆಟುಕುವ ಬೆಲೆಗೆ ಸಿಕ್ಕಿತಾ ಅಂತಲೂ ಕೇಳಬೇಕಲ್ಲವಾ?

ಇದನ್ನೆಲ್ಲ ಕೇಳೋಕೆ ನಾವ್ಯಾರು ಅನ್ನಬಹುದು. ನಮ್ಮಲ್ಲೇ ಹಲವರು ಇಂಥ ಕಂಪನಿಗಳಿಗೆ ಸಾಫ್ಟ್‌ವೇರ್ ಬರೀತೀವಿ. ಟ್ರಯಲ್ ಡೇಟಾಬೇಸ್, ಇಮೇಜ್ ಅನಾಲಿಸಿಸ್, ಒಪ್ಪಿಗೆಯ ಫಾರಂ ತೋರಿಸುವ ಆಪ್ ಕೂಡ ನಮ್ಮ ಸ್ಪ್ರಿಂಟ್‌ಗಳಲ್ಲೇ ತಯಾರಾಗೋದು. ಭಾಷೆಯ ಪಟ್ಟಿಯಲ್ಲಿ ಕನ್ನಡ ಇರಬೇಕಾ ಬೇಡ್ವಾ, 'ಒಪ್ಪುವುದಿಲ್ಲ' ಅನ್ನೋ ಬಟನ್ 'ಒಪ್ಪುತ್ತೇನೆ'ಯಷ್ಟೇ ದೊಡ್ಡದಾಗಿರಬೇಕಾ ಅಂತ ತೀರ್ಮಾನಿಸುವ ಮೀಟಿಂಗಿನಲ್ಲಿ ನಾವು ಕೂತಿರ್ತೀವಿ. ಅಲ್ಲಿ ಮುಂದಿನ ರಿಲೀಸ್‌ಗೆ ನೋಡೋಣ ಅಂತ ಯಾರಾದರೂ ಹೇಳಿದಾಗ ಸುಮ್ಮನಿರದೆ, ಈ ರಿಲೀಸ್‌ಗೇ ಬೇಕು ಅಂತ ಹೇಳೋದು ನಮ್ಮ ಕೈಲಾಗುವ ಕೆಲಸ.